ಲೆಕ್ಕಕ್ಕುಂಟು, ಆಟಕ್ಕಿಲ್ಲ

ಬೀದಿಯಲ್ಲಿ ಮಕ್ಕಳು ಗುಂಪುಗೂಡಿ ಆಡುತ್ತಿರುವಾಗ, ಇನ್ನೂ ನೆಟ್ಟಗೆ ಓಡಲು ಬಾರದ ತಮ್ಮನನ್ನೋ ತಂಗಿಯನ್ನೋ ಮನೆಯ ಹಿರಿಯರ ಮಾತಿಗೆ ಕಟ್ಟುಬಿದ್ದು ಸೇರಿಸಿಕೊಳ್ಳಬೇಕಾಗಿ ಬಂದರೆ, ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಮೊದಲೇ ಸಾರಿಬಿಡುವ ಪದ್ಧತಿ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಸೋಲುಗೆಲುವಿನ ಭಾರವನ್ನು ಹೊರಿಸದೆ, ಆಡುವ ಸಂತೋಷವನ್ನು ಮಾತ್ರ ಆ ಪುಟ್ಟ ಮಗುವಿಗೆ ದೊರಕಿಸಿಕೊಡುವ ಈ ಏರ್ಪಾಟಿನಲ್ಲಿ ಮಕ್ಕಳಿಗೆ ಸಹಜವಾದ ಒಂದು ಔದಾರ್ಯವೂ ಉಂಟು. ಆದರೆ ಅಂಗವೈಕಲ್ಯವುಳ್ಳ ಮಕ್ಕಳ ವಿಷಯದಲ್ಲಿ ನಮ್ಮ ಶಾಲೆಗಳು ನಡೆದುಕೊಳ್ಳುತ್ತಿರುವ ರೀತಿಯನ್ನು ಕಂಡರೆ, ಆ ಮಾತು ತಲೆಕೆಳಗಾಗಿದೆಯೆಂದೇ ಹೇಳಬೇಕಾಗುತ್ತದೆ. ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರುಂಟು, ಬಿಸಿಯೂಟದ ಲೆಕ್ಕದಲ್ಲಿ ಅದರ ಪಾಲಿನ ಅಕ್ಕಿಯುಂಟು, ಇಲಾಖೆಗೆ ವರ್ಷವರ್ಷವೂ ಕಳುಹಿಸತಕ್ಕ ಮಾಹಿತಿಯ ನಮೂನೆಯಲ್ಲಿ ಅದಕ್ಕಾಗಿಯೇ ಒಂದು ಅಂಕಣವೂ ಉಂಟು. ಸಂಜೆಯ ಗಂಟೆ ಹೊಡೆದು ಉಳಿದವರೆಲ್ಲ ಬಯಲಿಗೆ ಓಡಿದಾಗ ಮಾತ್ರ, ಅಮ್ಮ ಬಂದು ಕರೆದೊಯ್ಯುವವರೆಗೆ ಅದು ಜಗಲಿಯ ಮೇಲೆ ಕುಳಿತಿರುತ್ತದೆ.

ಶಾಲೆಯ ದಾಖಲಾತಿಯೊಂದೇ ಒಳಗೊಳ್ಳುವಿಕೆಯಾಗಲಾರದೆಂಬುದೂ, ಒಂದು ಮಗು ತನ್ನ ಓರಗೆಯವರಲ್ಲಿ ಒಂದಾಯಿತೇ ಇಲ್ಲವೇ ಎಂಬುದು ನಿರ್ಣಯವಾಗುವುದು ಪಾಠದ ಅವಧಿಗಳಿಗಿಂತ ಹೆಚ್ಚಾಗಿ ಅವುಗಳ ನಡುವಣ ಮತ್ತು ಅನಂತರದ ಹೊತ್ತಿನಲ್ಲಿಯೇ ಎಂಬುದೂ, ಆದ್ದರಿಂದ ಆಟ, ಊಟ, ಗ್ರಂಥಾಲಯ, ಸಂಜೆಯ ಶಿಬಿರ, ಶಾಲೆಯ ಪ್ರವಾಸ ಇವೆಲ್ಲವನ್ನೂ ಪಾಠದಷ್ಟೇ ಗಂಭೀರವಾಗಿ ಪರಿಗಣಿಸಬೇಕೆಂಬುದೂ ಈ ಲೇಖನದಲ್ಲಿ ನಾನು ನಿವೇದಿಸಬೇಕೆಂದಿರುವ ಸಂಗತಿ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ 2.68 ಕೋಟಿ, ಕರ್ನಾಟಕವೊಂದರಲ್ಲಿಯೇ 13 ಲಕ್ಷಕ್ಕೂ ಮಿಗಿಲು. ಇವರಲ್ಲಿ ಶಾಲೆಯ ವಯಸ್ಸಿನವರು ನಮ್ಮ ನಿಮ್ಮ ಊರುಗಳಲ್ಲಿಯೇ ಇದ್ದಾರೆ.

ಈ ಮಕ್ಕಳ ವಿದ್ಯಾಭ್ಯಾಸದ ಚಿಂತೆ ನಮ್ಮ ದೇಶದಲ್ಲಿ ತೀರ ಹೊಸದೇನಲ್ಲ. 1887ರಲ್ಲಿ ಅಮೃತಸರದಲ್ಲಿ ಅಂಧ ಮಕ್ಕಳ ಶಾಲೆ ಪ್ರಾರಂಭವಾಯಿತು. ನಮ್ಮ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ 1901ರಲ್ಲಿಯೇ ಒಂದು ಪಾಠಶಾಲೆ ತಲೆಯೆತ್ತಿತು. ಬ್ರೈಲ್ ಲಿಪಿಯನ್ನು ಬೆರಳಿಗೆ ಕಲಿಸಿದವರು, ಮಾತು ಬಾರದ ಮಗುವಿಗೆ ಭಾಷೆಯ ದಾರಿ ತೋರಿಸಿದವರು, ನೇಯ್ಗೆ ಬೆತ್ತದ ಕೆಲಸಗಳನ್ನು ಕಲಿಸಿ ಅನ್ನದ ಮಾರ್ಗವನ್ನು ಕಾಣಿಸಿದವರು ಇಂತಹ ವಿಶೇಷ ಶಾಲೆಗಳ ಉಪಾಧ್ಯಾಯರೇ. ಅವರ ಋಣ ದೊಡ್ಡದು. ಆದರೂ ಮಗುವನ್ನು ತನ್ನ ಊರಿನಿಂದಲೂ ಒಡಹುಟ್ಟಿದವರಿಂದಲೂ ಅಗಲಿಸಿ, ದೂರದ ಪಟ್ಟಣದ ವಿದ್ಯಾರ್ಥಿನಿಲಯದಲ್ಲಿ ಬೆಳೆಸಿದ ಮೇಲೆ, ಅದು ಹಿಂದಿರುಗುವ ಹೊತ್ತಿಗೆ ಊರಿನ ಓರಗೆಯವರಾರೂ ಅದರ ಗೆಳೆಯರಾಗಿ ಉಳಿದಿರುತ್ತಿರಲಿಲ್ಲ. ಈ ಕೊರತೆಯನ್ನು ವಿಚಾರವಂತರು ಬೇಗನೆ ಮನಗಂಡರು. 1944ರ ಸಾರ್ಜೆಂಟ್ ವರದಿಯೂ, 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೂ, ಸಾಧ್ಯವಿದ್ದಲ್ಲೆಲ್ಲ ಈ ಮಕ್ಕಳು ಸಾಮಾನ್ಯ ಶಾಲೆಗಳಲ್ಲಿಯೇ ಕಲಿಯಬೇಕೆಂದು ಅಭಿಪ್ರಾಯಪಟ್ಟವು. 1974ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿಯೇ ಒಂದು ಯೋಜನೆಯನ್ನು ಪ್ರಾರಂಭಿಸಿತು. ದೆಹಲಿಯಲ್ಲಿ 1981ರಲ್ಲಿ ಉಮಾ ತುಳಿಯವರು ಸ್ಥಾಪಿಸಿದ ಅಮರಜ್ಯೋತಿ ಸಂಸ್ಥೆಯ ಶಾಲೆಯಲ್ಲಿ ಅಂಗವೈಕಲ್ಯವುಳ್ಳ ಮಕ್ಕಳೂ ಇಲ್ಲದ ಮಕ್ಕಳೂ ಸಮಸಂಖ್ಯೆಯಲ್ಲಿ ಕೂಡಿ ಕಲಿಯುವ ಕ್ರಮ ಆಚರಣೆಗೆ ಬಂದಿತು. ನಮ್ಮ ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಸಂಸ್ಥೆಯೂ ಮುಂದೆ ಇದೇ ದಾರಿಯನ್ನು ಹಿಡಿಯಿತು.

ಕೂಡಿ ಕಲಿಸುವ ಈ ಪ್ರಯತ್ನಗಳೆಲ್ಲಕ್ಕೂ ಮೊದಲು, ಯಾವ ಆಯೋಗದ ಶಿಫಾರಸನ್ನೂ ಕಾಯದೆ, ಕನ್ನಡನಾಡಿನಲ್ಲಿಯೇ ನಡೆದ ಒಂದು ಪ್ರಯೋಗವನ್ನು ಇಲ್ಲಿ ಕೊಂಚ ನಿಧಾನವಾಗಿ ನೆನೆಯಬೇಕೆನಿಸುತ್ತದೆ. 1892ರಲ್ಲಿ ಜನಿಸಿ, ಕಣ್ಣಿನ ಬೆಳಕಿಲ್ಲದೆಯೇ ಬೆಳೆದು, ಸಂಗೀತದಲ್ಲಿ ಪಾರಂಗತರಾದ ಪಂಚಾಕ್ಷರ ಗವಾಯಿಗಳು, ಹಾನಗಲ್ ಕುಮಾರ ಸ್ವಾಮಿಗಳ ಆಶ್ರಯದಿಂದ ಮುಂದೆ ಬಂದು, ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. ಅಂಧ ಬಾಲಕರಿಗೂ ಅನಾಥ ಮಕ್ಕಳಿಗೂ ಅಲ್ಲಿ ಅನ್ನ, ವಸತಿ, ವಿದ್ಯೆ ದೊರೆಯಿತು; ಆದರೆ ಅದು ಅಂಧರಿಗೆ ಮಾತ್ರ ಮೀಸಲಾದ ಆವರಣವಾಗಿರಲಿಲ್ಲ. ಕಣ್ಣಿದ್ದವನೂ ಇಲ್ಲದವನೂ ಒಂದೇ ಚಾಪೆಯ ಮೇಲೆ ಕುಳಿತು, ಒಂದೇ ತಂಬೂರಿಯ ಶ್ರುತಿಗೆ ಕಂಠ ಕೂಡಿಸಿ, ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದರು. ಮುಂದೆ ಹಿಂದೂಸ್ತಾನಿ ಗಾಯನದಲ್ಲಿ ದೊಡ್ಡ ಹೆಸರಾದ ಬಸವರಾಜ ರಾಜಗುರುಗಳು ಈ ಅಂಧ ಗುರುವಿನ ದೃಷ್ಟಿಯುಳ್ಳ ಶಿಷ್ಯರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಬಳಿಕ ಆಶ್ರಮದ ಹೊಣೆಯನ್ನು ಹೊತ್ತು 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರೇ. ಅವರಲ್ಲಿ ಕಲಿತು ಇಂದು ದೇಶವೆಲ್ಲ ಕೇಳುವ ಗಾಯಕರಾಗಿರುವ ಪಂಡಿತ ವೆಂಕಟೇಶ ಕುಮಾರರು ದೃಷ್ಟಿಯುಳ್ಳವರು. ಆಶ್ರಮದ ನಾಟಕ ಸಂಘ ಊರೂರು ತಿರುಗಿ ಪ್ರದರ್ಶನ ಕೊಟ್ಟು ಮಕ್ಕಳ ಅನ್ನಕ್ಕೆ ಹಣ ಕೂಡಿಸುತ್ತಿದ್ದ ಕಾಲದಲ್ಲಿ, ಪೇಟಿ ತಬಲಗಳ ಮುಂದೆ ಕುಳಿತವರಲ್ಲಿ ಯಾರಿಗೆ ಕಣ್ಣಿದೆ, ಯಾರಿಗಿಲ್ಲ ಎಂಬುದು ಪ್ರೇಕ್ಷಕನಿಗೆ ಗೌಣವಾಗಿತ್ತು. ಕೂಡಿ ಕಲಿಯುವುದು ಪರದೇಶದಿಂದ ನಮಗೆ ಬಂದ ಕಲ್ಪನೆಯೆಂದು ಹೇಳುವವರು ಗದಗನ್ನು ಮರೆಯಬಾರದು. ಪಾಠದ ಹೊತ್ತು, ಊಟದ ಹೊತ್ತು, ನಾಟಕದ ಹೊತ್ತು ಎಂಬ ವಿಂಗಡಣೆಯಿಲ್ಲದೆ ದಿನದ ಎಲ್ಲ ಹೊತ್ತನ್ನೂ ಮಕ್ಕಳು ಒಟ್ಟಿಗೆ ಕಳೆದರೆಂಬುದೇ ಆ ಪ್ರಯೋಗದ ಸಿದ್ಧಿಯ ಮೂಲವೆಂದು ನನಗೆ ತೋರುತ್ತದೆ.

ಕಾನೂನಿನ ಮಾತಿಗೆ ಬರೋಣ. 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಇಪ್ಪತ್ತೊಂದನ್ನು ಗುರುತಿಸಿ, ಆಟಿಸಂ ಇರುವ ಮಗುವನ್ನೂ, ಬುದ್ಧಿ ಚುರುಕಾಗಿದ್ದರೂ ಅಕ್ಷರಗಳನ್ನು ಕೂಡಿಸಿ ಓದಲಾಗದೆ ತರಗತಿಯಲ್ಲಿ ದಡ್ಡನೆನಿಸಿಕೊಳ್ಳುತ್ತಿದ್ದ ಮಗುವನ್ನೂ ತನ್ನ ಆಶ್ರಯದೊಳಕ್ಕೆ ತೆಗೆದುಕೊಂಡಿತು. 2009ರ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿಯಿಂದ ಈ ಮಕ್ಕಳು ಅವಕಾಶವಂಚಿತರ ವರ್ಗದಲ್ಲಿ ಸೇರಿದರು. ನಿಗದಿಯಾದ ಪ್ರಮಾಣದ ವೈಕಲ್ಯವುಳ್ಳ ಮಗುವಿಗೆ ಆರರಿಂದ ಹದಿನೆಂಟನೆಯ ವಯಸ್ಸಿನವರೆಗೆ, ನೆರೆಹೊರೆಯ ಶಾಲೆಯಲ್ಲಾಗಲಿ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು 2016ರ ಕಾಯಿದೆ ನೀಡಿತು. ಇದೇ ಕಾಯಿದೆಯ ಹದಿನಾರನೆಯ ಕಲಮು ಶಾಲೆಗಳ ಕರ್ತವ್ಯಗಳನ್ನು ಹೇಳಹೊರಟು, ಮೊಟ್ಟಮೊದಲನೆಯ ಉಪವಾಕ್ಯದಲ್ಲಿಯೇ, ಭೇದವೆಣಿಸದೆ ಮಗುವನ್ನು ಸೇರಿಸಿಕೊಳ್ಳುವುದರ ಜೊತೆಗೆ ಶಿಕ್ಷಣವನ್ನೂ ಕ್ರೀಡೆ ಮತ್ತು ಮನರಂಜನೆಯ ಅವಕಾಶಗಳನ್ನೂ ಇತರರಿಗೆ ಸಮನಾಗಿ ಕೊಡತಕ್ಕದ್ದೆಂದು ವಿಧಿಸುತ್ತದೆ. ಕಟ್ಟಡ, ಸಾರಿಗೆ, ಬ್ರೈಲ್, ಸಂಜ್ಞಾಭಾಷೆಗಳ ಮಾತು ಆಮೇಲೆ ಬರುತ್ತದೆ. ಭಾರತ 2007ರಲ್ಲಿ ಒಪ್ಪಿ ಅಂಗೀಕರಿಸಿದ, ಅಂಗವಿಕಲರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ ಮೂವತ್ತನೆಯ ವಿಧಿಯೂ ಆಟ, ವಿಹಾರ, ವಿರಾಮಗಳಲ್ಲಿ ಈ ಮಕ್ಕಳಿಗೆ ಸಮಪಾಲಿರಬೇಕೆನ್ನುತ್ತದೆ. ಆಟವನ್ನು ಶಾಸನಕಾರರು ಪಾಠದ ಪಕ್ಕದಲ್ಲಿಯೇ ಕೂರಿಸಿದ್ದಾರೆ; ನಾವು ಅದನ್ನು ಪಾಠವೆಲ್ಲ ಮುಗಿದ ಮೇಲಿನ ಮಾತೆಂದು ಬದಿಗಿಟ್ಟಿದ್ದೇವೆ.

ಶಾಸನದಿಂದ ಶಾಲೆಯ ಅಂಗಳಕ್ಕೆ ಇಳಿದರೆ ಮೊದಲು ಎದುರಾಗುವುದು ಮೆಟ್ಟಿಲು. ನಮ್ಮ ಸರ್ಕಾರಿ ಶಾಲೆಗಳ ಜಗಲಿ ಸಾಮಾನ್ಯವಾಗಿ ಮೂರು ಮೆಟ್ಟಿಲಿನದು, ಎಂದರೆ ಸುಮಾರು ಒಂದೂವರೆ ಅಡಿ ಎತ್ತರದ್ದು. ಇಳಿಜಾರಿಗೆ ಒಪ್ಪಿತವಾದ ಪ್ರಮಾಣ ಒಂದಕ್ಕೆ ಹನ್ನೆರಡು. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ಹಾಗಾದರೆ ಒಂದೂವರೆ ಅಡಿಯ ಜಗಲಿಗೆ ಹದಿನೆಂಟು ಅಡಿಯ ರ‍್ಯಾಂಪು ಬೇಕಾಗುತ್ತದೆ. ನಾನು ನೋಡಿದ ಅನೇಕ ರ‍್ಯಾಂಪುಗಳು ಆರು ಏಳು ಅಡಿಗಳನ್ನು ಮೀರವು. ಗಾಲಿಕುರ್ಚಿಯ ಮಗು ಅದನ್ನು ತಾನಾಗಿ ಏರಲಾರದು; ಇಳಿಯುವಾಗ ಹಿಂದಿನಿಂದ ಒಬ್ಬರು ಬಿಗಿಯಾಗಿ ಹಿಡಿಯದಿದ್ದರೆ ಮುಗ್ಗರಿಸಿ ಬೀಳುವುದು ನಿಶ್ಚಯ; ಮಳೆ ಬಿದ್ದ ದಿನ ನುಣುಪಾದ ಸಿಮೆಂಟಿನ ಮೇಲೆ ಊರುಗೋಲು ನಿಲ್ಲದು. ಆದರೂ ಇಲಾಖೆಗೆ ಶಾಲೆಯ ಮಾಹಿತಿ ಕಳುಹಿಸುವ ಯುಡೈಸ್ ನಮೂನೆಯಲ್ಲಿ ‘ರ‍್ಯಾಂಪು ಇದೆಯೇ’ ಎಂಬ ಪ್ರಶ್ನೆಗೆ ‘ಇದೆ’ ಎಂಬ ಉತ್ತರ ಸತ್ಯವಾಗಿಯೇ ದಾಖಲಾಗುತ್ತದೆ. ಶೌಚಾಲಯದ ಕಥೆ ಇನ್ನೂ ಕಷ್ಟದ್ದು. ಬಾಗಿಲು ಕಿರಿದಾಗಿ ಗಾಲಿಕುರ್ಚಿ ಒಳಗೆ ಹೋಗದ ಕಡೆ, ಹಿಡಿದು ಏಳಲು ಗೋಡೆಗೊಂದು ಸರಳಿಲ್ಲದ ಕಡೆ, ಬೆಳಗ್ಗೆ ಮನೆ ಬಿಟ್ಟಾಗಿನಿಂದ ಸಂಜೆ ಹಿಂದಿರುಗುವವರೆಗೆ ಒಂದು ಗುಟುಕು ನೀರನ್ನೂ ಕುಡಿಯದೆ ದಿನ ಕಳೆಯುವ ಹೆಣ್ಣುಮಕ್ಕಳಿದ್ದಾರೆ. ಹತ್ತನೆಯ ತರಗತಿಗೆ ಮೊದಲೇ ಇಂತಹವರು ಶಾಲೆ ಬಿಡುವುದಕ್ಕೆ ಕಾರಣ ಗಣಿತವೂ ಅಲ್ಲ, ಇಂಗ್ಲಿಷೂ ಅಲ್ಲ. ಗಾರೆಯ ಕೆಲಸಕ್ಕೆ ಕೈಹಾಕುವ ಮೊದಲು ಅಳತೆಯ ಟೇಪನ್ನು ಹಿಡಿದು ಒಮ್ಮೆ ಅಳೆಯುವುದಷ್ಟೇ ಇಲ್ಲಿ ಬೇಕಾಗಿರುವ ವಿದ್ಯೆ.

ತರಗತಿಯೊಳಗಿನ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಒಂದು ಅನುಕೂಲ ಮೊದಲೇ ಒದಗಿಬಂದಿದೆ. ಅದನ್ನು ಈ ದೃಷ್ಟಿಯಿಂದ ಗಮನಿಸಿದವರು ವಿರಳ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಚಿಗುರಿ, ಅನಂತರ ರಾಜ್ಯವನ್ನೆಲ್ಲ ವ್ಯಾಪಿಸಿದ ನಲಿ-ಕಲಿ ಪದ್ಧತಿಯಲ್ಲಿ, ಬೇರೆ ಬೇರೆ ತರಗತಿಯ ಪುಟ್ಟ ಮಕ್ಕಳು ಒಂದೇ ಕೊಠಡಿಯಲ್ಲಿ ಐದು ಗುಂಪುಗಳಾಗಿ ನೆಲದ ಮೇಲೆ ವರ್ತುಲಾಕಾರವಾಗಿ ಕುಳಿತುಕೊಳ್ಳುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು, ಮೂರನೆಯ ನಾಲ್ಕನೆಯ ಗುಂಪುಗಳಿಗೆ ಸಹಪಾಠಿಗಳ ನೆರವು, ಐದನೆಯದು ಸ್ವಕಲಿಕೆಯ ಗುಂಪು. ಮಗು ತನ್ನ ಕಲಿಕೆಯ ಏಣಿಯಲ್ಲಿ ತಾನು ನಿಂತಿರುವ ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ತನ್ನದೇ ವೇಗದಲ್ಲಿ ಏರುತ್ತದೆ. ನಾಲ್ಕು ದಿನ ಜ್ವರದಿಂದ ಶಾಲೆ ತಪ್ಪಿದರೆ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಇಂತಹ ಕೊಠಡಿಯಲ್ಲಿ ನಿಧಾನವಾಗಿ ಕಲಿಯುವ ಮಗುವೊಂದು ಕುಳಿತರೆ ಅದರಿಂದ ಯಾರ ಪಾಠವೂ ನಿಲ್ಲದು, ಏಕೆಂದರೆ ಎಲ್ಲರೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕೆಂಬ ನಿರ್ಬಂಧವೇ ಅಲ್ಲಿಲ್ಲ. ಲಂಬಾಣಿ, ಉರ್ದು, ತೆಲುಗು, ತುಳು ಹೀಗೆ ನಾನಾ ಮನೆಮಾತುಗಳಿಂದ ಬಂದ ಮಕ್ಕಳಿಗೂ ಆ ಏರ್ಪಾಟು ಆಶ್ರಯ ಕೊಟ್ಟಿದೆ. ‘ಆ ಮಗುವನ್ನು ಸೇರಿಸಿಕೊಂಡರೆ ನಮ್ಮ ಮಗುವಿನ ಓದು ಹಿಂದೆ ಬೀಳುತ್ತದೆ’ ಎಂದು ಆತಂಕಪಡುವ ತಾಯಿತಂದೆಗಳು ಇಂತಹ ಕೊಠಡಿಯೊಂದರಲ್ಲಿ ಅರ್ಧ ದಿನ ಕುಳಿತು ನೋಡಬೇಕೆಂದು ನನ್ನ ವಿನಂತಿ. ತೊಡಕು ಪ್ರಾರಂಭವಾಗುವುದು ನಲಿ-ಕಲಿ ಮುಗಿದು ಮಗು ನಾಲ್ಕನೆಯ ತರಗತಿಗೆ ಕಾಲಿಟ್ಟಾಗ. ಅಲ್ಲಿಂದ ಮುಂದೆ ಕರಿಹಲಗೆಯೇ ಎಲ್ಲರ ವೇಗವನ್ನೂ ನಿರ್ಧರಿಸುತ್ತದೆ.

ಆ ತೊಡಕನ್ನು ಬಿಡಿಸಬಲ್ಲವರು ವಿಶೇಷ ತರಬೇತಿ ಪಡೆದ ಸಂಪನ್ಮೂಲ ಶಿಕ್ಷಕರು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿ.ಐ.ಇ.ಆರ್.ಟಿ. ಎಂಬ ಹೆಸರಿನಿಂದ ಕರೆಯಲ್ಪಡುವ ಈ ಉಪಾಧ್ಯಾಯರು ತಪಾಸಣಾ ಶಿಬಿರಗಳನ್ನು ಏರ್ಪಡಿಸಿ, ಶ್ರವಣಯಂತ್ರ, ಊರುಗೋಲು, ದೊಡ್ಡಕ್ಷರದ ಪುಸ್ತಕಗಳನ್ನು ಕೊಡಿಸಿ, ಊರೂರಿಗೆ ಬಸ್ಸಿನಲ್ಲಿ ತಿರುಗಿ, ಹಾಸಿಗೆ ಬಿಟ್ಟೇಳಲಾಗದ ಮಗುವಿದ್ದರೆ ಅದರ ಮನೆಗೇ ಹೋಗಿ ಪಾಠದ ಏರ್ಪಾಟು ಮಾಡುತ್ತಾರೆ. ತಾಲ್ಲೂಕು ದೊಡ್ಡದು, ಅವರ ಸಂಖ್ಯೆ ಚಿಕ್ಕದು. ಒಂದು ಮಗು ತನ್ನ ಸಂಪನ್ಮೂಲ ಶಿಕ್ಷಕರ ಮುಖವನ್ನು ತಿಂಗಳಿಗೊಮ್ಮೆ ಕಂಡರೆ ಹೆಚ್ಚು. ಸುಪ್ರೀಂ ಕೋರ್ಟು 2021ರಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡು ವಿಶೇಷ ಶಿಕ್ಷಕರ ಹುದ್ದೆಗಳ ಪ್ರಮಾಣ ನಿಗದಿಯಾಗಬೇಕೆಂದು ಆದೇಶಿಸಿತು. ಅದರಂತೆ ಕೇಂದ್ರ ಸರ್ಕಾರ ಮರುವರ್ಷ, ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ಎಂದು ಪ್ರಮಾಣವನ್ನು ಪ್ರಕಟಿಸಿತು. ಆ ಪ್ರಮಾಣ ಕಾಗದದಿಂದ ಶಾಲೆಗೆ ಯಾವಾಗ ಬರುತ್ತದೆಂದು ಊರಿನವರು ಕೇಳುತ್ತಲೇ ಇರಬೇಕು.

ಈಗ ಆಟದ ಬಯಲಿಗೆ ಬರೋಣ, ಏಕೆಂದರೆ ನನ್ನ ಮನಸ್ಸಿನಲ್ಲಿರುವ ವಿಷಯದ ತಿರುಳು ಅಲ್ಲಿದೆ. ಬಯಲುಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕಂಡ ಹುಡುಗನೊಬ್ಬನಿಗೆ ಹುಟ್ಟಿನಿಂದಲೇ ದೇಹದ ಎಡಭಾಗದಲ್ಲಿ ಬಲ ಕಡಿಮೆ. ಎಡಗಾಲನ್ನು ಎಳೆದು ನಡೆಯುತ್ತಿದ್ದನು, ಎಡಗೈ ಮಡಿಸಿದಂತೆಯೇ ಇರುತ್ತಿತ್ತು. ಆಟದ ಅವಧಿಯಲ್ಲಿ ಅವನಿಗೊಂದು ಖಾಯಂ ಕೆಲಸವಿತ್ತು: ಅಂಕಗಳನ್ನು ಬರೆಯುವುದು, ಉಳಿದವರ ಚಪ್ಪಲಿಗಳನ್ನು ಕಾಯುವುದು. ಮೇಷ್ಟರು ಅದನ್ನು ಅಂತಃಕರಣದಿಂದಲೇ ವಹಿಸಿದ್ದರು. ಬಿದ್ದು ಪೆಟ್ಟು ಮಾಡಿಕೊಂಡಾನೆಂಬ ಭಯ ಅವರದು. ಎರಡು ವರ್ಷ ಅವನು ಅಚ್ಚುಕಟ್ಟಾಗಿ ಅಂಕಗಳನ್ನು ಬರೆದನು. ಅನಂತರ ವರ್ಗವಾಗಿ ಬಂದ ದೈಹಿಕ ಶಿಕ್ಷಕಿಯೊಬ್ಬರು ಒಂದು ದಿನ ಲಗೋರಿಯ ಬಿಲ್ಲೆಗಳನ್ನು ಜೋಡಿಸಿ, ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು, ‘ಇವನೂ ಆಡಬೇಕು, ಹೇಗೆ ಆಡಿಸೋದು, ನೀವೇ ಹೇಳಿ’ ಎಂದು ಕೇಳಿದರು. ಮಕ್ಕಳ ನ್ಯಾಯಾಲಯ ಬಹಳ ಹೊತ್ತು ಕೂಡಿ ತೀರ್ಪು ಕೊಟ್ಟಿತು: ಚೆಂಡು ಎಸೆಯುವ ಗೆರೆ ಅವನಿಗೆ ಮಾತ್ರ ಎರಡು ಹೆಜ್ಜೆ ಮುಂದಿರತಕ್ಕದ್ದು; ಬಿಲ್ಲೆಗಳನ್ನು ಪೇರಿಸುವ ಕೆಲಸ ಅವನದು, ಓಡಾಡಿ ಎದುರಾಳಿಗಳನ್ನು ಮರುಳು ಮಾಡುವ ಕೆಲಸ ಜೊತೆಗಾರರದು; ಆದರೆ ಚೆಂಡು ತಗುಲಿದರೆ ಅವನೂ ಔಟೇ, ವಿನಾಯಿತಿಯಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನದನ್ನು ಬರೆಯುತ್ತಿರಲಿಲ್ಲ. ಮುಂದೆ ಮತ್ತೊಮ್ಮೆ ಹೋದಾಗ ಬಯಲಿನಲ್ಲಿ ದೊಡ್ಡ ಜಗಳ ನಡೆದಿತ್ತು. ಹುಡುಗನ ಬಲಗೈ ಪಳಗಿ, ಎಸೆದಾಗಲೆಲ್ಲ ಬಿಲ್ಲೆ ಉರುಳುತ್ತಿತ್ತು. ‘ಮಿಸ್, ಇವನು ಪ್ರತಿ ಸಲ ಹೊಡೀತಾನೆ, ಗೆರೆ ಹಿಂದಕ್ಕೆ ಹಾಕಿ’ ಎಂದು ಎದುರು ಪಕ್ಷದವರು ಪಟ್ಟು ಹಿಡಿದಿದ್ದರು. ‘ಮೊದಲು ಒಪ್ಕೊಂಡಿದ್ದು ನೀವೇ ತಾನೆ’ ಎಂದು ಅವನು ಅವರಿಗಿಂತ ಜೋರಾಗಿ ವಾದಿಸುತ್ತಿದ್ದನು. ಕೊನೆಗೆ ಗೆರೆ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಅವನ ಮೇಲೆ ಯಾರೂ ಕರುಣೆ ತೋರಿಸಲಿಲ್ಲ. ಅವನು ಗೆಲ್ಲುತ್ತಿದ್ದುದರಿಂದ ಅವನೊಡನೆ ಜಗಳವಾಡಿದರು. ಸಹಪಾಠಿಯೆಂದು ಅವನನ್ನು ಅವರು ಒಪ್ಪಿಕೊಂಡುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ನನಗೆ ಬೇಕಿರಲಿಲ್ಲ. ಅಂಕ ಬರೆಯುತ್ತಿದ್ದ ಎರಡು ವರ್ಷಗಳಲ್ಲಿ ಅವನೊಡನೆ ಜಗಳವಾಡುವ ಪ್ರಸಂಗವೇ ಯಾರಿಗೂ ಬಂದಿರಲಿಲ್ಲ.

ನಿಯಮವನ್ನು ಬದಲಿಸಿದರೆ ಆಟ ಸಪ್ಪೆಯಾಗುತ್ತದೆಂಬುದು ಸರಿಯಲ್ಲ. ಅಂಧರ ಕ್ರಿಕೆಟ್ಟನ್ನೇ ನೋಡಬಹುದು. ಗಟ್ಟಿ ಪ್ಲಾಸ್ಟಿಕ್ ಚೆಂಡಿನೊಳಗೆ ಲೋಹದ ಗುಂಡುಗಳಿರುವುದರಿಂದ ಅದು ಉರುಳುವಾಗ ಗಲಗಲ ಸದ್ದಾಗುತ್ತದೆ. ಬೌಲರು ಕೈಯನ್ನು ಕೆಳಗಿನಿಂದ ಬೀಸಿ, ಪಿಚ್ಚಿನ ನಡುಗೆರೆಗೆ ಮೊದಲೇ ಚೆಂಡು ನೆಲ ಮುಟ್ಟುವಂತೆ ಎಸೆಯಬೇಕು. ತಂಡದಲ್ಲಿ ಪೂರ್ಣ ಅಂಧರು ಕನಿಷ್ಠ ನಾಲ್ವರಿರಬೇಕು. ಅವರು ಗಳಿಸಿದ ಪ್ರತಿಯೊಂದು ಓಟಕ್ಕೂ ಎರಡು ಓಟದ ಬೆಲೆ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲನೆಯ ಟಿ-20 ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕರಾಗಿದ್ದವರು ಶಿವಮೊಗ್ಗ ಜಿಲ್ಲೆಯ ಶೇಖರ ನಾಯ್ಕರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆ ಸದ್ದಿನ ಚೆಂಡೊಂದು ಶಾಲೆಯಲ್ಲಿದ್ದರೆ, ಕಣ್ಣಿರುವ ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಂಧ ಗೆಳೆಯನ ಪಕ್ಷದಲ್ಲಿಯೂ ಎದುರಿನಲ್ಲಿಯೂ ಆಡಬಹುದು. ಮೊದಲ ವಾರ ಗೆಲ್ಲುವವರು ಯಾರೆಂದು ಊಹಿಸುವುದು ಕಷ್ಟವಲ್ಲ. ಚದುರಂಗದಲ್ಲಂತೂ ಈ ಬಟ್ಟೆಯೂ ಬೇಡ. ಕಪ್ಪು ಮನೆಗಳು ಕೊಂಚ ಉಬ್ಬಿರುವ, ಪ್ರತಿ ಮನೆಯಲ್ಲಿಯೂ ರಂಧ್ರವಿರುವ ಹಲಗೆ. ಆ ರಂಧ್ರದಲ್ಲಿ ಊರಿ ನಿಲ್ಲುವ ಕಾಯಿಗಳು. ಕಪ್ಪು ಕಾಯಿಗಳ ನೆತ್ತಿಯ ಮೇಲೆ ಬೆರಳಿಗೆ ತಿಳಿಯುವ ಗುರುತು. ನಡೆಯನ್ನು ಬಾಯಿಬಿಟ್ಟು ಹೇಳುತ್ತ ಆಡಿದರೆ, ಅಂಧನೂ ದೃಷ್ಟಿಯುಳ್ಳವನೂ ಯಾವ ವಿನಾಯಿತಿಯನ್ನೂ ಬೇಡದೆ ಸಮಾನರಾಗಿ ಕುಳಿತುಕೊಳ್ಳಬಹುದು. ಅಂಧರ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಹಲವು ಬಾರಿ ಗೆದ್ದ ಕಿಶನ್ ಗಂಗೊಳ್ಳಿಯವರೂ ಶಿವಮೊಗ್ಗದವರೇ.

ಶಾಲೆ ಬಿಟ್ಟ ಮೇಲಿನ ಹೊತ್ತನ್ನು ಕಾನೂನಿನ ಕಣ್ಣಿನಿಂದ ನೋಡುವುದರಲ್ಲಿ ಅಮೆರಿಕೆ ನಮಗಿಂತ ಮುಂದಿದೆ; ಅದರ ಹಿನ್ನೆಲೆ ತಿಳಿಯತಕ್ಕದ್ದು. ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಕೂರಿಸುವುದು ಸಮಾನತೆಯಾಗಲಾರದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಮಾನಿಸಿತು. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳ ತಂದೆತಾಯಿಗಳು ಇದೇ ನ್ಯಾಯವನ್ನು ತಮ್ಮ ಮಕ್ಕಳಿಗೂ ಅನ್ವಯಿಸಬೇಕೆಂದು ಪೆನ್ಸಿಲ್ವೇನಿಯಾದಲ್ಲಿ ದಾವೆ ಹೂಡಿ ಗೆದ್ದರು. ಆಗ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ವೈಕಲ್ಯದ ಕಾರಣದಿಂದ ಶಾಲೆಯಿಂದ ಪೂರ್ತಿ ಹೊರಗುಳಿದಿದ್ದರು. 1975ರಲ್ಲಿ ಅವರೆಲ್ಲರ ಶಿಕ್ಷಣಕ್ಕೆ ಕಾಯಿದೆ ಬಂದಿತು. ಆ ಕಾಯಿದೆಯ ನಿಯಮಗಳು ಊಟ, ಆಟ, ಕ್ಲಬ್ಬು, ಮನರಂಜನೆಗಳನ್ನೂ ಶಾಲೆಯ ಹೊಣೆಯೊಳಗೆ ಸೇರಿಸಿವೆ. 1990ರ ಇನ್ನೊಂದು ಕಾಯಿದೆಯ ಫಲವಾಗಿ, ಸಂಜೆ ಮಕ್ಕಳನ್ನು ನೋಡಿಕೊಳ್ಳುವ ಖಾಸಗಿ ಕೇಂದ್ರಗಳು ಕೂಡ ವೈಕಲ್ಯವೊಂದನ್ನೇ ಕಾರಣವಾಗಿಟ್ಟುಕೊಂಡು ಮಗುವನ್ನು ನಿರಾಕರಿಸುವಂತಿಲ್ಲ.

ನಮ್ಮಲ್ಲಿ ಸಂಜೆಯ ಕೇಂದ್ರಗಳೇ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳೆಂಬ ಹೆಸರಿನಿಂದ ನಡೆಯುತ್ತಿವೆ; 2020ರಲ್ಲಿ ಪ್ರಾರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳು ಉಚಿತವಾಗಿ ಅವುಗಳ ಸದಸ್ಯರಾಗಿದ್ದಾರೆ. ಕತೆ ಓದುವುದು, ಚಿತ್ರ ಬರೆಯುವುದು, ಕೇರಂ ಚದುರಂಗಗಳನ್ನು ಆಡುವುದು, ಶಾಲೆ ಮುಗಿದ ಮೇಲಿನ ಈ ಎಲ್ಲ ಚಟುವಟಿಕೆಗಳಿಗೆ ಅಲ್ಲಿ ಎಡೆಯಿದೆ. ಇನ್ನೊಂದು ಕಡೆ, ವಿ.ಆರ್.ಡಬ್ಲ್ಯು. ಎಂದು ಹಳ್ಳಿಯವರೆಲ್ಲ ಬಲ್ಲ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯಿತಿ ಮಟ್ಟದಲ್ಲಿದ್ದಾರೆ. ಅವರು ಸ್ವತಃ ಅಂಗವೈಕಲ್ಯವುಳ್ಳವರು, ಯಾವ ಮನೆಯಲ್ಲಿ ಯಾವ ಮಗುವಿದೆಯೆಂಬುದನ್ನು ಬಲ್ಲವರು. ಗ್ರಂಥಾಲಯದ ಮೇಲ್ವಿಚಾರಕರೂ ಈ ಕಾರ್ಯಕರ್ತರೂ ವಾರಕ್ಕೊಂದು ಸಂಜೆ ಕಲೆತು ಯೋಚಿಸಿದರೆ ಆಗಬಹುದಾದುದು ಬಹಳವಿದೆ. ಪಂಚಾಯಿತಿ ಕಟ್ಟಡದ ಮಾಳಿಗೆಯ ಮೇಲಿರುವ ಗ್ರಂಥಾಲಯವನ್ನು ನೆಲ ಅಂತಸ್ತಿಗೆ ತರಬಹುದು. ಗದ್ದಲ ಸಹಿಸದ ಆಟಿಸಂ ಮಗುವಿಗೆ ಜನ ಕಡಿಮೆಯಿರುವ ಹೊತ್ತನ್ನೂ ಒಂದು ಮೂಲೆಯನ್ನೂ ಗೊತ್ತುಮಾಡಬಹುದು. ಕತೆಯನ್ನು ಗಟ್ಟಿಯಾಗಿ ಓದಿ ಹೇಳುವ ಸರದಿಯನ್ನು ದೊಡ್ಡ ಮಕ್ಕಳಿಗೆ ವಹಿಸಬಹುದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಆ ಮಗುವನ್ನು ಅಲ್ಲಿಗೆ ಕರೆತರುವವರು ಯಾರು? ಇಂದು ಅದಕ್ಕೆ ಉತ್ತರ, ತಾಯಿ. ಬೆಳಗ್ಗೆ ಸೊಂಟದ ಮೇಲೆ ಹೊತ್ತು ತಂದು ಶಾಲೆಗೆ ಬಿಡುವವಳು, ಮಧ್ಯಾಹ್ನ ಬಂದು ಶೌಚಕ್ಕೆ ಕರೆದೊಯ್ಯುವವಳು, ಸಂಜೆ ಮತ್ತೆ ಹೊತ್ತು ಮನೆಗೆ ಒಯ್ಯುವವಳು ಅವಳೇ. ಮಗು ಎಂಟು ವರ್ಷದ್ದಾಗುವಾಗ ಅವಳ ಬೆನ್ನು ಸೋಲುತ್ತದೆ. ಕೂಲಿಗೆ ಹೋಗುವ ದಿನಗಳಂತೂ ಮೊದಲೇ ತಪ್ಪಿರುತ್ತವೆ. ಶಿಕ್ಷಣ ಇಲಾಖೆ ಬೆಂಗಾವಲು ಭತ್ಯೆ, ಸಾರಿಗೆ ಭತ್ಯೆಗಳನ್ನು ಕೊಡುತ್ತದೆಂಬುದು ನಿಜ. ಆದರೆ ಆ ಹಣದ ಎಣಿಕೆ ಶಾಲೆಯ ಗಂಟೆಗೇ ನಿಲ್ಲುತ್ತದೆ. ಸಂಜೆಯ ಆಟಕ್ಕೂ ಬೇಸಗೆಯ ಶಿಬಿರಕ್ಕೂ ಮಗುವನ್ನು ತಲುಪಿಸುವ ಖರ್ಚನ್ನು ಪಂಚಾಯಿತಿಗಳು ತಮ್ಮ ವಿಕಲಚೇತನ ಕಲ್ಯಾಣದ ಪಾಲಿನಿಂದ ಭರಿಸಿದರೆ ಅದು ಅತ್ಯಂತ ಸಾರ್ಥಕವಾದ ವಿನಿಯೋಗವಾದೀತೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲ ಮಕ್ಕಳನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿಬಿಟ್ಟರೆ ಸಮಸ್ಯೆ ತೀರಿತೆಂದು ಯಾರೂ ಭಾವಿಸಬಾರದು. ಕಿವುಡ ಮಗುವಿನ ವಿಷಯ ಇಲ್ಲಿ ವಿಶೇಷವಾಗಿ ವಿಚಾರಣೀಯ. ನಾಲ್ವತ್ತು ಮಂದಿ ಕೇಳುವ ಮಕ್ಕಳ ನಡುವೆ, ಸಂಜ್ಞಾಭಾಷೆಯನ್ನರಿತ ಒಬ್ಬರೂ ಇಲ್ಲದ ತರಗತಿಯಲ್ಲಿ ಕುಳಿತ ಕಿವುಡ ಮಗು, ಹೆಸರಿಗೆ ಸಮೂಹದಲ್ಲಿದ್ದರೂ ನಿಜವಾಗಿ ಏಕಾಂತವಾಸದಲ್ಲಿರುತ್ತದೆ. ತನ್ನ ಭಾಷೆಯನ್ನಾಡುವ ಹತ್ತು ಮಂದಿ ಗೆಳೆಯರಿರುವ ವಿಶೇಷ ಶಾಲೆಯೇ ಆ ಮಗುವಿಗೆ ಮೇಲಾದೀತು. ಆದ್ದರಿಂದಲೇ ಕಾಯಿದೆ ಆಯ್ಕೆಯನ್ನು ಉಳಿಸಿದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪೂರ್ವಶಾಲೆಯಲ್ಲಿ ತಾಯಂದಿರನ್ನೂ ಮಕ್ಕಳ ಜೊತೆಯಲ್ಲಿಯೇ ಕೂರಿಸಿ ಕಲಿಸುವ ಕ್ರಮವಿದೆ. ಮೂರು ನಾಲ್ಕು ವರ್ಷಕ್ಕೇ ಭಾಷೆ ದೊರೆತ ಮಗು ಮುಂದೆ ಸಾಮಾನ್ಯ ಶಾಲೆಯಲ್ಲಿ ನಿಲ್ಲಬಲ್ಲುದು, ದೊರೆಯದ ಮಗು ನಿಲ್ಲಲಾರದು. ಓದಿನ ವೇಳೆಯಲ್ಲಿ ವಿಶೇಷ ಶಾಲೆ ಅವಶ್ಯವಾದವರಿಗೂ ಆಟದ ವೇಳೆಯಲ್ಲಿ ಊರಿನ ಮಕ್ಕಳ ಒಡನಾಟ ಬೇಡವೆಂದು ಇದರಿಂದ ಸಿದ್ಧಿಸುವುದಿಲ್ಲ. ವಿಶೇಷ ಶಾಲೆ ಮತ್ತು ನೆರೆಯ ಸಾಮಾನ್ಯ ಶಾಲೆ ವಾರಕ್ಕೆರಡು ಸಂಜೆ ಒಂದೇ ಬಯಲನ್ನು ಹಂಚಿಕೊಂಡರೆ, ಮಕ್ಕಳು ಹತ್ತು ಸನ್ನೆಗಳನ್ನು ಒಂದೇ ವಾರದಲ್ಲಿ ಕಲಿತುಬಿಡುತ್ತಾರೆ.

ವರ್ಷಕ್ಕೊಮ್ಮೆ ಬರುವ ಶಾಲಾ ಪ್ರವಾಸದ ವಿಷಯವನ್ನು ಹೇಳಿ ಮುಗಿಸುತ್ತೇನೆ. ಡಿಸೆಂಬರು ಬಂತೆಂದರೆ ಬೇಲೂರು ಹಳೇಬೀಡಿಗೋ, ಮೈಸೂರಿಗೋ, ಹಂಪೆಗೋ ಬಸ್ಸು ಹೊರಡುತ್ತದೆ. ‘ಬಿಟ್ಟುಬಿಡಿ ತಾಯಿ, ಪಾಪ, ಮಗೂಗೆ ಆಯಾಸವಾಗುತ್ತೆ’ ಎಂದು ಮುಖ್ಯೋಪಾಧ್ಯಾಯರು ಸಮಾಧಾನ ಹೇಳುತ್ತಾರೆ, ತಾಯಿಯೂ ತಲೆಯಾಡಿಸುತ್ತಾಳೆ, ಮರುದಿನದಿಂದ ಒಂದು ತಿಂಗಳ ಪರ್ಯಂತ ತರಗತಿಯಲ್ಲಿ ನಡೆಯುವ ಮಾತೆಲ್ಲ ಆ ಮಗು ಕಾಣದ ಊರಿನದು. ಶಾಲಾಭಿವೃದ್ಧಿ ಸಮಿತಿಯ, ಎಂದರೆ ಎಸ್.ಡಿ.ಎಂ.ಸಿ.ಯ, ಸಭೆ ಜೂನ್ ತಿಂಗಳಲ್ಲಿಯೇ ಈ ವಿಷಯವನ್ನೆತ್ತಿಕೊಂಡು, ಗಾಲಿಕುರ್ಚಿ ಹೋಗಬಲ್ಲ ಸ್ಥಳವನ್ನು ಮೊದಲು ಆರಿಸಿ, ಬಸ್ಸಿನ ಮೆಟ್ಟಿಲು ಎತ್ತರವಾದರೆ ಎತ್ತಿ ಕೂರಿಸಲು ಇಬ್ಬರನ್ನು ಗೊತ್ತುಮಾಡಿ, ದಾರಿಯಲ್ಲಿ ನಿಲ್ಲಿಸುವ ಕಡೆಯ ಶೌಚಾಲಯವನ್ನು ವಿಚಾರಿಸಿಟ್ಟುಕೊಂಡರೆ, ಡಿಸೆಂಬರಿನಲ್ಲಿ ಯಾರೂ ಯಾರಿಗೂ ಸಮಾಧಾನ ಹೇಳಬೇಕಾದ ಪ್ರಸಂಗ ಬಾರದು. ಜೊತೆಗೆ ಬರುವ ಸಹಾಯಕರ ಖರ್ಚು ಮಗುವಿನ ಮನೆಯಿಂದ ಬರತಕ್ಕದ್ದಲ್ಲ. ಬಸ್ಸಿನ ಬಾಡಿಗೆ, ಊಟ, ಪ್ರವೇಶ ಶುಲ್ಕಗಳನ್ನು ಕೂಡಿಸಿ ಎಲ್ಲ ಮಕ್ಕಳ ಮೇಲೂ ಹಂಚುವ ಲೆಕ್ಕದಲ್ಲಿಯೇ ಅದೂ ಒಂದು ಬಾಬತ್ತಾಗಿ ಸೇರತಕ್ಕದ್ದು.